ಕಲ್ಲಿನ ಈಚೆ, ಕಂಬದ ಕೆಳಗೆ

ಅಹ್ಮದ್ ಪಾಷಾ ವಕೀಲರ ಬಾಗಿಲಿಗೆ ಕಕ್ಷಿದಾರರು ಒಬ್ಬೊಬ್ಬರಾಗಿ ಬರುವುದು ವಾಡಿಕೆ. ಹೆಚ್ಚೆಂದರೆ ಗಂಡ ಹೆಂಡತಿ, ಇಲ್ಲವೆ ಮುಖ ಊದಿಸಿಕೊಂಡ ಅಣ್ಣ ತಮ್ಮಂದಿರು. ಆ ಭಾನುವಾರ ಬೆಳಿಗ್ಗೆ ಅವರು ಮುಖ ತೊಳೆದು ಹೊರಗೆ ಬಂದು ನೋಡಿದರೆ ಜಗಲಿಯ ಮೇಲೆ ಅರ್ಧ ಊರೇ ಬಂದು ಕೂತಿತ್ತು.

ಅದು ಯುದ್ಧದ ಕಾಲ, ನಲವತ್ಮೂರನೇ ಇಸವಿ. ಈಗ ಶಿವಾಜಿನಗರ ಅನ್ನುವ ಜಾಗವನ್ನು ಆಗ ಬ್ಲ್ಯಾಕ್‌ಪಳ್ಳಿ ಅನ್ನುತ್ತಿದ್ದರು. ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ವಕೀಲರ ಮನೆ, ಮನೆಯ ಜಗಲಿಯೇ ಆಫೀಸು. ಒಂದು ಮೇಜು, ಒಂದು ಬೆಂಚು, ಗೋಡೆಗೊರಗಿದ ಕಪಾಟು. ಒಳಬಾಗಿಲಿಗೆ ಪರದೆ, ಪರದೆಯ ಹಿಂದೆ ಅವರ ತಾಯಿ ಇಮಾಮ್ ಬೀ. ಬಂದವರು ಅಳುವವರೋ ಜಗಳವಾಡುವವರೋ ಅಂತ ಅಲ್ಲಿಂದಲೇ ಅಳೆದು, ಎಷ್ಟು ಲೋಟ ಚಹಾ, ಎಷ್ಟು ಸಕ್ಕರೆ ಅಂತ ತೀರ್ಮಾನ ಮಾಡುವವರು ಅವರೇ.

“ಕಿತ್ತೇ ಲೋಗಾಂ ರೇ!” ಅಂತ ಪರದೆಯ ಹಿಂದಿನಿಂದ ಉದ್ಗಾರ ಬಂತು. ಇಷ್ಟೊಂದು ಜನಕ್ಕೆ ರೇಷನ್ ಸಕ್ಕರೆ ಎಲ್ಲಿಂದ ತರಲಿ ಅನ್ನುವುದು ಅವರ ಚಿಂತೆ.

ಗುಂಪಿನಿಂದ ಒಬ್ಬ ಎದ್ದು ನಿಂತ. ತಲೆಗೆ ರುಮಾಲು, ಕಂಕುಳಲ್ಲಿ ಕೊಡೆ, ಬಾಯಿ ತುಂಬ ಮಾತು. ಹೆಸರು ಮುನಿವೆಂಕಟಪ್ಪ, ಊರು ಬೈಯಪ್ಪನಹಳ್ಳಿ. ಹಿಂದಿನ ದಿನ ಒಬ್ಬನೇ ಬಂದು ಸುದ್ದಿ ಹೇಳಿ ಹೋಗಿದ್ದವನು.

“ಸಾಹೇಬ್ರೆ, ನಮಸ್ಕಾರ. ಕಾರು ಗುದ್ದಿಸ್ಕೊಂಡವಳು ಇವಳು, ನನ್ನ ಹೆಂಡ್ತಿ ಪಿಳ್ಳಮ್ಮ. ಆ ಕಾರಿನವನ ಮೇಲೆ ಕೇಸು ಹಾಕ್ಬೇಕು, ನೀವೇ ನಡೆಸ್ಬೇಕು. ಕಣ್ಣಲ್ಲಿ ಕಂಡವ್ರನ್ನೆಲ್ಲಾ ಒಬ್ರನ್ನೂ ಬಿಡ್ದಂಗೆ ಕರ್ಕೊಂಡ್ಬಂದಿದೀನಿ.”

“ಇವರಿಷ್ಟೂ ಜನ ನೋಡಿದ್ರಾ?”

“ಕಣ್ಣಲ್ಲಿ ನೋಡಿದವ್ರು ನಾಕು ಜನ ಸ್ವಾಮಿ. ಮಿಕ್ಕವ್ರು ನೋಡಿದವ್ರನ್ನ ನೋಡಿದವ್ರು.”

ವಕೀಲರಿಗೆ ನಗು ಬಂದರೂ ನುಂಗಿಕೊಂಡರು. ಪಿಳ್ಳಮ್ಮ ಬೆಂಚಿನ ಮೇಲೆ ಬಲಗಾಲು ನೀಡಿಕೊಂಡು, ಬಿದಿರು ಕೋಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನಲವತ್ತರ ಹತ್ತಿರದ ಹೆಂಗಸು, ಬಿಸಿಲಿಗೆ ಬೆಂದ ಮುಖ, ಗಟ್ಟಿ ಭುಜ. ಅವಳ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತ ಅವಳ ಅತ್ತೆ ಚಿಕ್ಕಮುನಿಯಮ್ಮ. ಬಂದಾಗಿನಿಂದ ಒಂದು ಮಾತೂ ಆಡದವಳು ಅವಳೊಬ್ಬಳೇ.

ನಡೆದದ್ದು ಇಷ್ಟು. ಪಿಳ್ಳಮ್ಮ ದಿನಾ ಬೆಳಗಾಗುವ ಮುಂಚೆ ಊರಿನ ತೋಟಗಳ ಸೊಪ್ಪು ಕೊಂಡು, ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಮದರಾಸು ರಸ್ತೆ ಹಿಡಿದು ಹಲಸೂರಿನ ಸಂತೆಗೆ ನಡೆಯುವವಳು. ದಂಟು, ಕೀರೆ, ಮೆಂತ್ಯ. ಸಂತೆಯ ಬಾಗಿಲಿನ ಪಕ್ಕ ಅವಳಿಗೊಂದು ಜಾಗ. ಅದು ಮೊದಲು ಅತ್ತೆಯ ಜಾಗ, ಅದಕ್ಕೂ ಮೊದಲು ಅತ್ತೆಯ ಅತ್ತೆಯದು. ತಮಿಳಿನವರಿಗೆ ತಮಿಳಲ್ಲಿ, ಸಾಬರಿಗೆ ಅವರ ಮಾತಲ್ಲಿ, ದೊರೆಸಾನಿಯರ ಅಡುಗೆಯವರಿಗೆ ಬರೀ ಕೈಸನ್ನೆಯಲ್ಲಿ ಸೊಪ್ಪು ಮಾರಿ ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದಳು. ಹಾಗೆ ವಾಪಸು ಬರುವಾಗ ಒಂದು ದಿನ ಎದುರಿನಿಂದ ಮಿಲಿಟರಿ ಲಾರಿಗಳ ಸಾಲು ಬಂತು. ಹಿಂದಿನಿಂದ ಒಂದು ಕಾರು ಬಂತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಹಿಂಬದಿಗೆ ಇದ್ದಿಲು ಗ್ಯಾಸಿನ ಪೀಪಾಯಿ ಕಟ್ಟಿಕೊಂಡು ಓಡುವ ಕಾರು. ಲಾರಿಗಳಿಗೆ ದಾರಿ ಬಿಡಲು ಡ್ರೈವರ್ ಕರೀಂ ಪಕ್ಕಕ್ಕೆ ಎಳೆದ. ಪಕ್ಕದಲ್ಲಿ ಪಿಳ್ಳಮ್ಮ ಇದ್ದಳು.

ಮಂಡಿ ಮುರಿಯಿತು. ಆಸ್ಪತ್ರೆಯವರು ಕೂಡಿಸಿ ಕಟ್ಟಿದರು. ಕಾಲು ಉಳಿಯಿತು, ಆದರೆ ಮಡಚುವುದಿಲ್ಲ. ಬುಟ್ಟಿ ಹೊತ್ತು ಅಷ್ಟು ದೂರ ನಡೆಯುವ ಮಾತೇ ಇಲ್ಲ. ಕಾರಿನ ಯಜಮಾನ ಪೇಟೆಯಲ್ಲಿರುವ ಕಂಟ್ರಾಕ್ಟರು. “ಅವಳೇ ಅಡ್ಡ ಬಂದಳು, ಅವಳಿಗೇನೂ ಆಗಿಲ್ಲ” ಅಂತ ಒಂದೇ ಮಾತು ಹೇಳಿ ಬಾಗಿಲು ಹಾಕಿಕೊಂಡಿದ್ದ.

“ಕೋರ್ಟಿನಿಂದ ನಿನಗೇನು ಆಗಬೇಕಮ್ಮ?” ಅಂತ ವಕೀಲರು ಪಿಳ್ಳಮ್ಮನನ್ನೇ ಕೇಳಿದರು.

“ಒಂಟೆತ್ತಿನ ಗಾಡಿ ಆಗ್ಬೇಕು ಸ್ವಾಮಿ. ಗಾಡಿಯಿದ್ರೆ ಸಂತೆಗೆ ಹೋಗ್ತೀನಿ. ನನ್ನ ಜಾಗದಲ್ಲಿ ಈ ಮಂಜುಳಮ್ಮ ದಿನಾ ಒಂದು ಖಾಲಿ ಗೋಣಿಚೀಲ ಹಾಸಿ ಕಾಯ್ತಾವ್ಳೆ. ಹಬ್ಬ ಬಂತು ಅಂದ್ರೆ ಚೀಲ ಒದ್ದು ಇನ್ಯಾರೋ ಕೂತ್ಕೊಂತಾರೆ. ಕೂತ್ರೆ ಮುಗೀತು.”

“ಕೋರ್ಟು ಗಾಡಿ ಕೊಡಲ್ಲಮ್ಮ. ದುಡ್ಡು ಕೊಡುತ್ತೆ.”

“ದುಡ್ಡಾದ್ರೆ ಇವ್ನ ಕೈಗೆ ಹೋಗುತ್ತೆ. ಗಾಡಿಯಾದ್ರೆ ಜೇಬಲ್ಲಿ ಇಟ್ಕೊಳಕ್ಕಾಗಲ್ಲ.”

“ಹೊಡ್ಕೊಂಡು ಹೋಗ್ಬೋದಲ್ಲ?” ಅಂದ ಮುನಿವೆಂಕಟಪ್ಪ, ಸ್ವಲ್ಪ ನೊಂದು.

“ಎತ್ತು ನಿನ್ನ ಮಾತು ಕೇಳ್ಬೇಕಲ್ಲ.”

ಪರದೆಯ ಹಿಂದೆ ಇಮಾಮ್ ಬೀ ನಕ್ಕದ್ದು ಎಲ್ಲರಿಗೂ ಕೇಳಿಸಿತು.

ಅಹ್ಮದ್ ಪಾಷಾ ಸಾಕ್ಷಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಮಾತಾಡಿಸುವವರಲ್ಲ. ಒಬ್ಬೊಬ್ಬರನ್ನೇ ಒಳಕೋಣೆಗೆ ಕರೆದು, ಕೈಗೆ ಚಹಾ ಕೊಟ್ಟು, ಮನೆ ಮಕ್ಕಳ ಸುದ್ದಿ ಕೇಳಿ, ನಡುವೆ ಒಂದು ಪ್ರಶ್ನೆ ಹಾಕುವುದು ಅವರ ರೀತಿ. ಆವತ್ತೂ ಹಾಗೇ ಮಾಡಿದರು. ಮೊದಲು ಮಂಜುಳಮ್ಮ ಬಂದಳು. ಪಿಳ್ಳಮ್ಮನ ಜೊತೆ ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುತ್ತಿದ್ದವಳು.

“ಎಲ್ಲಿ ಬಿದ್ದದ್ದು?”

“ಕಲ್ಲಿನ ಈಚೆ ಸ್ವಾಮಿ, ಬೇವಿನ ಮರದ ಬುಡದಲ್ಲಿ.”

ಆಮೇಲೆ ಇನ್ನೊಬ್ಬಳು. “ಕಲ್ಲಿನ ಈಚೆ, ಬೇವಿನ ಮರದ ಬುಡದಲ್ಲಿ.” ಮೂರನೆಯವಳದೂ ಅದೇ ಮಾತು. ನಾಲ್ಕನೆಯವನು ಕಿವಿ ಮಂದದ ಮುದುಕ, ಪ್ರಶ್ನೆ ಕೇಳುವ ಮುಂಚೆಯೇ “ಬೇವಿನ ಮರದ ಬುಡದಲ್ಲಿ” ಅಂದುಬಿಟ್ಟ.

ವಕೀಲರು ಪೆನ್ನು ಕೆಳಗಿಟ್ಟರು.

ಕಲ್ಲು ಅಂದರೆ ಗಡಿ ಕಲ್ಲು. ಅದರ ಆಚೆ ದಂಡು, ಇಂಗ್ಲಿಷರ ಆಡಳಿತ. ಈಚೆ ಮೈಸೂರು ಮಹಾರಾಜರ ಸೀಮೆ. ರಸ್ತೆ ಒಂದೇ, ಧೂಳು ಒಂದೇ, ಆದರೆ ಪೊಲೀಸು ಬೇರೆ, ಕೋರ್ಟು ಬೇರೆ. ದಂಡಿನ ದೀಪದ ಕಂಬಗಳು ಆ ಕಲ್ಲಿಗಿಂತ ಸ್ವಲ್ಪ ಮುಂಚೆಯೇ ನಿಂತುಹೋಗುತ್ತವೆ. ಅಹ್ಮದ್ ಪಾಷಾ ದಂಡಿನ ಕೋರ್ಟಿನ ವಕೀಲರು. ಹಿಂದಿನ ದಿನವೇ ಮುನಿವೆಂಕಟಪ್ಪ ಬಂದು ಸುದ್ದಿ ಹೇಳಿದ್ದರಿಂದ ಅವರು ದಂಡಿನ ಪೊಲೀಸರನ್ನು ವಿಚಾರಿಸಿದ್ದರು, ಡ್ರೈವರ್ ಕರೀಮನನ್ನೂ ಕಂಡು ಬಂದಿದ್ದರು. “ಕೊನೇ ಕಂಬದ ಹತ್ರ ಸಾಹೇಬ್. ನನ್ ನೌಕರಿ ಹೋದ್ರೂ ಜಾಗ ಅದೇ” ಅಂದಿದ್ದ ಕರೀಂ. ಪೊಲೀಸರೂ ಅದನ್ನೇ ಹೇಳಿದ್ದರು. ಕೊನೇ ಕಂಬ ಕಲ್ಲಿನ ಆಚೆ. ಬೇವಿನ ಮರ ಕಲ್ಲಿನ ಈಚೆ. ನಡುವೆ ಒಂದು ಕಲ್ಲೆಸೆತದ ದೂರ.

“ಮುನಿವೆಂಕಟಪ್ಪ, ಪಾಠ ಹೇಳ್ಕೊಟ್ಟಿದೀಯೇನಯ್ಯ?”

“ಅಯ್ಯೋ ದೇವ್ರಾಣೆ ಇಲ್ಲ ಸಾಹೇಬ್ರೆ! ನನ್ನ ಮಾತು ನಮ್ಮೂರಲ್ಲಿ ನಾಯೀನೂ ಕೇಳಲ್ಲ. ಇವ್ರಿಗೆ ನಾನು ಪಾಠ ಹೇಳ್ತೀನಾ?”

“ಹಂಗಾದ್ರೆ ಕೇಳು. ನಿಮ್ಮವರು ಮರದ ಬುಡ ಅಂತಾರೆ. ಪೊಲೀಸು ಕಂಬದ ಬುಡ ಅಂತಾರೆ. ಕಂಟ್ರಾಕ್ಟರ ವಕೀಲ ಎದ್ದು ನಿಂತು ಕೇಳೋದು ಒಂದೇ ಪ್ರಶ್ನೆ. ‘ಬಿದ್ದ ಜಾಗವೇ ಗೊತ್ತಿಲ್ಲ, ನೀವು ಅಲ್ಲಿ ಇದ್ದಿರಾ?’ ಅಷ್ಟೇ. ದಂಡಿನ ಕೋರ್ಟಿಗೆ ಹೋಗು, ಮೈಸೂರಿನ ಕೋರ್ಟಿಗೆ ಹೋಗು, ಜಾಗ ಸುಳ್ಳಾದ್ರೆ ಸಾಕ್ಷಿ ಸುಳ್ಳು, ಸಾಕ್ಷಿ ಸುಳ್ಳಾದ್ರೆ ಈ ಹೆಂಗಸಿನ ಕಾಲೂ ಸುಳ್ಳು. ನಿಜವಾದ ಜಾಗ ಹೇಳಿ, ಈ ಕ್ಷಣ ಕೇಸು ಹಿಡೀತೀನಿ. ಇಲ್ದಿದ್ರೆ ಆಗಲ್ಲ.”

ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎಲ್ಲರೂ ಚಿಕ್ಕಮುನಿಯಮ್ಮನ ಕಡೆ ನೋಡಿದರು. ಆಕೆ ಎಲೆ ಅಡಿಕೆ ಜಗಿಯುತ್ತಲೇ ಇದ್ದಳು.

“ನೀನಾದ್ರೂ ಹೇಳಮ್ಮ, ನೀನು ಎಲ್ಲಿ ಬಿದ್ದೆ?” ಅಂತ ವಕೀಲರು ಪಿಳ್ಳಮ್ಮನನ್ನು ಕೇಳಿದರು.

ಪಿಳ್ಳಮ್ಮ ಕೋಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ನಮ್ಮತ್ತೇನ ಕೇಳಿ ಸ್ವಾಮಿ” ಅಂದಳು.

ಅತ್ತೆ ಎದ್ದಳು, ಸೆರಗು ಸರಿಮಾಡಿಕೊಂಡಳು, “ನಡೀರಿ” ಅಂದಳು. ಊರು ಎದ್ದು ಹೊರಟಿತು.

ಅವರು ಹೋದಮೇಲೆ ಇಮಾಮ್ ಬೀ ಪರದೆ ಸರಿಸಿ ಬಂದು ಖಾಲಿ ಲೋಟ ಜೋಡಿಸತೊಡಗಿದರು. “ಅಹ್ಮದ್, ಇವರು ಸುಳ್ಳುಗಾರರಲ್ಲ ಕಣೋ” ಅಂದರು ತಮ್ಮ ದಖನಿಯಲ್ಲಿ. “ಸುಳ್ಳು ಹೇಳೋರು ಚಹಾ ಬಿಸಿಯಿದ್ದಾಗಲೇ ಗಟಗಟ ಕುಡಿದು ಏಳ್ತಾರೆ. ಇವರು ಊದಿ ಊದಿ ಕುಡಿದ್ರು.”

“ಆದ್ರೂ ಹೇಳಿದ್ದು ಸುಳ್ಳು ಅಮ್ಮಾ.”

“ಹಾಂ. ಅದೇ ಮಜಾ.”

ಆ ಮಾತು ವಕೀಲರ ತಲೆ ಹೊಕ್ಕಿತು. ವಾರವಿಡೀ ಬೇರೆ ಕೇಸುಗಳ ನಡುವೆ ಅವರಿಗೆ ಇದೇ ಯೋಚನೆ. ಜನ ಸುಳ್ಳು ಹೇಳುವುದು ತಮಗೆ ಲಾಭವಿದ್ದಾಗ. ಇವರು ತಮಗೆ ನಷ್ಟವಾಗುವ ಸುಳ್ಳನ್ನು ಒಗ್ಗಟ್ಟಾಗಿ, ಭಕ್ತಿಯಿಂದ ಹೇಳುತ್ತಿದ್ದಾರೆ. ಯಾಕೆ? ಮುಂದಿನ ಭಾನುವಾರ ಸೈಕಲ್ ಹತ್ತಿ ಹಲಸೂರು ದಾಟಿದರು.

ಕೊನೇ ಕಂಬದ ಹತ್ತಿರ ಇಳಿದು ನೋಡಿದರು. ವಿಮಾನ ದಾಳಿಯ ಭಯಕ್ಕೆ ಕಂಬದ ದೀಪಕ್ಕೆ ಕಪ್ಪು ತಗಡಿನ ಟೋಪಿ ಹಾಕಿದ್ದರು. ನೆಲದಲ್ಲಿ ಒಂದು ಕಡೆ ಮಾತ್ರ ಯಾರೋ ಬೊಗಸೆಯಷ್ಟು ಮಣ್ಣು ತೋಡಿದ ಗುಳಿ. ಸೈಕಲ್ ತಳ್ಳಿಕೊಂಡು ಕಲ್ಲು ದಾಟಿ ಬೇವಿನ ಮರದ ಬುಡಕ್ಕೆ ಬಂದರು. ಅಲ್ಲಿ ಒಂದು ಗುಂಡು ಕಲ್ಲಿಗೆ ಸುಣ್ಣ ಬಳಿದು ಅರಿಸಿನ ಕುಂಕುಮ ಇಟ್ಟಿದ್ದರು. ಬಗ್ಗಿ ನೋಡುತ್ತಿದ್ದಾಗ ಹಿಂದಿನಿಂದ ಕೂಗು ಕೇಳಿಸಿತು.

“ಮುಟ್ಬೇಡ ಕಣಪ್ಪ!”

ಚಿಕ್ಕಮುನಿಯಮ್ಮ ಚೊಂಬಿನಲ್ಲಿ ನೀರು ಹಿಡಿದು ಬರುತ್ತಿದ್ದಳು. ಕಲ್ಲಿನ ಮೇಲೆ ನೀರು ಚಿಮುಕಿಸಿ, ಕೈ ಮುಗಿದು, ಮರಕ್ಕೊರಗಿ ಕೂತಳು. ವಕೀಲರೂ ಎದುರಿಗೆ ನೆಲದ ಮೇಲೆಯೇ ಕೂತರು.

“ಕೋಟು ಮಣ್ಣಾಗುತ್ತೆ” ಅಂದಳು.

“ಒಗೆದ್ರೆ ಹೋಗುತ್ತಮ್ಮ. ನನ್ನ ತಲೆಯಲ್ಲಿರೋದು ಹೋಗ್ತಿಲ್ಲ. ಹೇಳ್ಬಿಡಿ.”

“ನಾನು ಹೇಳಂಗಿಲ್ಲ. ನಮ್ಮೂರೋರು ಯಾರೂ ಹೇಳಂಗಿಲ್ಲ.” ವಕೀಲರ ಮುಖದಲ್ಲಿ ಏನು ಕಂಡಳೋ, “ನೀನೇ ಕೇಳು. ತಪ್ಪಾದ್ರೆ ಅಲ್ಲ ಅಂತೀನಿ. ಸರಿಯಿದ್ರೆ ಸುಮ್ಕಿರ್ತೀನಿ. ಸುಮ್ಕಿದ್ರೆ ಹೇಳ್ದಂಗಾಗಲ್ಲ” ಅಂದಳು.

ಇಷ್ಟು ವರ್ಷ ವಕೀಲಿ ಮಾಡಿದ್ದರೂ ಇಂಥ ಸವಾಲು ಅವರಿಗೆ ಹೊಸದು. ಖುಷಿಯಿಂದ ಕಾಲು ಮಡಚಿ ಸರಿಯಾಗಿ ಕೂತರು.

“ಈ ಕಲ್ಲು ಮೊದಲಿಂದ ಇತ್ತು?”

“ಅಲ್ಲ.”

“ನಿಮ್ಮ ಸೊಸೆ ಬಿದ್ದ ಮೇಲೆ ಇಟ್ಟದ್ದು.”

ಚಿಕ್ಕಮುನಿಯಮ್ಮ ಸೊಂಟದ ಚೀಲ ಬಿಚ್ಚಿ ಎಲೆಯೊಂದನ್ನು ತೆಗೆದಳು.

“ಕಲ್ಲಿನ ಕೆಳಗೆ ಏನೋ ಹೂತಿದೀರಿ. ದುಡ್ಡು?”

“ಅಲ್ಲ. ಥೂ.”

“ಮಣ್ಣು. ಆ ಕಂಬದ ಕೆಳಗಿನ ಮಣ್ಣು.”

ಎಲೆಗೆ ಸುಣ್ಣ ಸವರಿದಳು.

“ಬಿದ್ದ ಜಾಗದ ಮಣ್ಣು ತಂದು ಇಲ್ಲಿ ಹೂತ್ರೆ ಬಿದ್ದವಳ ಭಯ ಹೋಗುತ್ತೆ.”

“ಭಯ ಅಲ್ಲ, ಬೆಚ್ಚು” ಅಂದಳು ಮುದುಕಿ, ತಡೆಯಲಾರದೆ. “ಭಯ ಬೇರೆ, ಬೆಚ್ಚು ಬೇರೆ. ಭಯ ತಲೇಲಿರುತ್ತೆ. ಬೆಚ್ಚು ಮೈಯಲ್ಲಿರುತ್ತೆ. ಆಸ್ಪತ್ರೆಯಿಂದ ಬಂದಾಗ ಪಿಳ್ಳಿ ಹೆಂಗಿದ್ಲು ಗೊತ್ತಾ? ದೂರದಲ್ಲಿ ಮೋಟಾರು ಪೊಂಯ್ ಅಂದ್ರೆ ಕೈಲಿದ್ದ ತಟ್ಟೆ ಬಿಸಾಕ್ತಿದ್ಲು. ಊಟ ಮಾಡ್ತಿದ್ದಂಗೆ ನಡುಗೋಳು. ಬೆಚ್ಚು ಕಟ್ಟಿದ್ಮೇಲೆ ನಿಂತೋಯ್ತು.”

ಆಮೇಲೆ ಬಾಯಿ ಮುಚ್ಚಿಕೊಂಡಳು, ಹೇಳಬಾರದ್ದನ್ನು ಹೇಳಿದೆನೇ ಅನ್ನುವ ಹಾಗೆ. ವಕೀಲರು ಅದನ್ನು ಹಿಡಿದು ಎಳೆಯಲಿಲ್ಲ. ಮತ್ತೊಂದು ದಿಕ್ಕಿನಿಂದ ಬಂದರು.

“ಒಂದು ಅರ್ಥವಾಗಲಿಲ್ಲ. ಬಿದ್ದ ಜಾಗದಲ್ಲೇ ಕಟ್ಟಬಹುದಿತ್ತಲ್ಲ? ಇಲ್ಲಿಗೆ ಯಾಕೆ ತಂದ್ರಿ? ದಂಡಿನ ಪೊಲೀಸು ಓಡಿಸ್ತಾರೆ ಅಂತ?”

“ಅಲ್ಲ.”

“ಮತ್ತೆ?” ವಕೀಲರು ಗಡಿ ಕಲ್ಲಿನ ಕಡೆ ನೋಡಿದರು. ಊರಿನ ಕಡೆ ನೋಡಿದರು. ಊರಮ್ಮನ ಗುಡಿಯ ತಲೆ ಹುಣಸೆ ತೋಪಿನ ನಡುವೆ ಚೂರು ಕಾಣಿಸುತ್ತಿತ್ತು. “ನಿಮ್ಮೂರಮ್ಮನ ಕಾವಲು ಕಲ್ಲು ದಾಟಲ್ಲ.”

ಮುದುಕಿ ಎಲೆ ಮಡಚಿ ಬಾಯಿಗಿಟ್ಟುಕೊಂಡು ಜಗಿದಳು. ವಕೀಲರು ತೊಡೆ ತಟ್ಟಿ ನಕ್ಕರು.

“ನನ್ನ ವಕೀಲಿಯೂ ದಾಟಲ್ಲಮ್ಮ! ನಾನು ಆಚೆ ಕಡೆಯೋನು, ಅವರು ಈಚೆ ಕಡೆಯೋರು. ಇಬ್ಬರಿಗೂ ಇದೇ ಹದ್ದು.”

ಚಿಕ್ಕಮುನಿಯಮ್ಮನಿಗೂ ನಗು ಬಂತು, ಕೆಂಪು ಹಲ್ಲು ಕಂಡಿತು. ಬೇಗ ನಿಂತುಹೋಯಿತು.

“ಕಟ್ಟಿದ್ಮೇಲೆ ಇದೇ ಬಿದ್ದ ಜಾಗ ಅನ್ಬೇಕು” ಅಂದಳು ಮೆಲ್ಲಗೆ. “ನಾವ್ಯಾರಾದ್ರೂ ಬಾಯ್ಬಿಟ್ಟು ಬೇರೆ ಜಾಗ ಅಂದ್ರೆ ಕಟ್ಟು ಬಿಚ್ಚೋಗುತ್ತೆ. ಬೆಚ್ಚು ವಾಪಸ್ ಅವಳ ಮೈಗೇ ಬರುತ್ತೆ. ನೀನು ಕೇಸಿಗೆ ಜಾಗ ಕೇಳ್ತೀಯ. ನಾನು ಜಾಗ ಕೊಟ್ರೆ ಅವಳು ಸಂತೆಗೆ ಹೋಗೋ ಧೈರ್ಯ ಹೋಗುತ್ತೆ. ಧೈರ್ಯ ಇಲ್ದೋಳಿಗೆ ಗಾಡಿ ಕೊಟ್ಟು ಏನ್ ಮಾಡ್ಲಿ? ರಸ್ತೆ ತುಂಬ ಮೋಟಾರು.”

ಮೂಢನಂಬಿಕೆ ಅಂತ ತಳ್ಳಿಹಾಕಲು ವಕೀಲರಿಗೆ ನಾಲಗೆ ಏಳಲಿಲ್ಲ. ತಟ್ಟೆ ಬಿಸಾಡುತ್ತಿದ್ದವಳು ಆವತ್ತು ಬ್ಲ್ಯಾಕ್‌ಪಳ್ಳಿಯ ಹಾರನ್ನುಗಳ ನಡುವೆ ಕದಲದೆ ಕೂತದ್ದನ್ನು ಕಣ್ಣಾರೆ ಕಂಡಿದ್ದರು. ಎದ್ದು ಕೋಟು ಕೊಡವಿಕೊಂಡರು. ಸೈಕಲ್ಲಿನ ಹ್ಯಾಂಡಲ್ ಹಿಡಿದವರು ತಿರುಗಿದರು.

“ಒಂದು ಕೇಳ್ತೀನಿ. ಆ ಬೆಚ್ಚು ಮೈಯಲ್ಲಿ ಇದೆಯೋ, ಪೂರಾ ಹೋಗಿದೆಯೋ ನೋಡೋದಕ್ಕೆ ಆಗಲ್ವಾ? ಪೂರಾ ಹೋಗಿದ್ರೆ ಕಟ್ಟು ಬಿಚ್ಚಿದ್ರೂ ಬರೋದಕ್ಕೇನೂ ಇರಲ್ವಲ್ಲ?”

ಮುದುಕಿ ಜಗಿಯುವುದನ್ನು ನಿಲ್ಲಿಸಿದಳು. ಈ ದಾರಿ ಅವಳಿಗೆ ಹೊಳೆದಿರಲಿಲ್ಲ.

“ಮೆಣಸಿನಕಾಯಿ ಮೈಮೇಲೆ ನೀವಾಳಿಸಿ ಇಳಿ ತೆಗೆದು ಒಲೆಗೆ ಹಾಕಿದ್ರೆ ಗೊತ್ತಾಗುತ್ತೆ” ಅಂದಳು ನಿಧಾನವಾಗಿ. “ಮೈಯಲ್ಲಿ ಏನಾದ್ರೂ ಇದ್ರೆ ಘಾಟು ಬರಲ್ಲ. ಇಲ್ದಿದ್ರೆ ಬರುತ್ತೆ. ಆದ್ರೆ ಕಟ್ಟಿದೋಳು ನಾನೇ ಇಳಿ ತೆಗ್ಯಂಗಿಲ್ಲ. ನಮ್ಮೂರೋರೂ ತೆಗ್ಯಂಗಿಲ್ಲ.”

“ನಮ್ಮ ತಾಯಿ ತೆಗೀತಾರೆ. ನನಗೆ ಕೆಮ್ಮು ಬಂದ್ರೂ ಮೆಣಸಿನಕಾಯಿ, ಕೇಸು ಸೋತ್ರೂ ಮೆಣಸಿನಕಾಯಿ.”

“ಸಾಬರ ಮನೇಲೂ ಮಾಡ್ತಾರಾ?” ಅಂದಳು ಚಿಕ್ಕಮುನಿಯಮ್ಮ. ಕಣ್ಣು ಹೊಳೆಯಿತು. “ಉಪ್ಪು ಹಾಕ್ತಾರಾ?”

ಶುಕ್ರವಾರ ಬೇಡ ಅಂದರು ಇಮಾಮ್ ಬೀ, ಮಂಗಳವಾರ ಬೇಡ ಅಂದಳು ಚಿಕ್ಕಮುನಿಯಮ್ಮ. ಗುರುವಾರ ಇಬ್ಬರಿಗೂ ಒಪ್ಪಿಗೆಯಾಯಿತು. ಜಟಕಾದಲ್ಲಿ ಅತ್ತೆ, ಸೊಸೆ, ಮುನಿವೆಂಕಟಪ್ಪ ಬಂದಿಳಿದರು. ಈ ಸಲ ಹೆಂಗಸರು ಪರದೆ ದಾಟಿ ಸೀದಾ ಅಡುಗೆಮನೆಗೆ ಹೋದರು, ಗಂಡಸರು ಬಾಗಿಲಲ್ಲಿ ನಿಂತರು.

ಇಮಾಮ್ ಬೀ ಡಬ್ಬದಿಂದ ಒಣ ಮೆಣಸಿನಕಾಯಿ ತೆಗೆದರು. ಚಿಕ್ಕಮುನಿಯಮ್ಮ ಸೆರಗಿನ ಗಂಟು ಬಿಚ್ಚಿ ತನ್ನದನ್ನೂ ತೆಗೆದಳು.

“ಯಾಕಮ್ಮಾ, ಹಮಾರೇ ಘರ್ ಕೀ ಮಿರ್ಚಿ, ನಮ್ ಮನೇದು ಸರಿ ಇಲ್ಲಾ?” ಅಂದರು ಇಮಾಮ್ ಬೀ ಅರ್ಧ ದಖನಿ ಅರ್ಧ ಕನ್ನಡದಲ್ಲಿ.

“ತಪ್ಪು ತಿಳ್ಕೊಬೇಡಿ ತಾಯಿ. ವಕೀಲರ ಮನೆ ಮೆಣಸಿನಕಾಯಿ ವಕೀಲರ ಕಡೇನೇ ಮಾತಾಡುತ್ತೆ.”

“ನಿಮ್ದು ಸೊಸೆ ಕಡೆ ಮಾತಾಡಲ್ವಾ?”

“ಅತ್ತೆ ಮನೇ ಮೆಣಸಿನಕಾಯಿ ಯಾವತ್ತಾದ್ರೂ ಸೊಸೆ ಕಡೆ ಮಾತಾಡಿದ್ದುಂಟಾ?”

ಇಮಾಮ್ ಬೀ ಸೌಟು ಕೆಳಗಿಟ್ಟು ನಕ್ಕರು. ಕೊನೆಗೆ ಅರ್ಧ ಇವರದು, ಅರ್ಧ ಅವರದು ಅಂತಾಯಿತು. ಮೆಣಸಿನಕಾಯಿ, ಕಲ್ಲುಪ್ಪು ಹಿಡಿಯಲ್ಲಿಟ್ಟುಕೊಂಡು ಇಮಾಮ್ ಬೀ ಪಿಳ್ಳಮ್ಮನ ತಲೆಯಿಂದ ಪಾದದವರೆಗೆ, ಮಡಚದ ಆ ಮಂಡಿಯ ಸುತ್ತ ಇನ್ನೊಂದು ಸುತ್ತು ಹೆಚ್ಚಾಗಿ, ಇಳಿ ತೆಗೆದರು. ಬಾಯಲ್ಲಿ ಏನೋ ಓದಿಕೊಳ್ಳುತ್ತಿದ್ದರು. ಪಿಳ್ಳಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಎಲ್ಲವನ್ನೂ ಕೆಂಡದ ಮೇಲೆ ಸುರಿದರು.

ಉಪ್ಪು ಚಟಪಟ ಅಂದಿತು. ಮೆಣಸಿನಕಾಯಿ ಕಪ್ಪಾಯಿತು. ಎಲ್ಲರೂ ಮೂಗು ಮುಂದೆ ಮಾಡಿ ನಿಂತರು. ಏನೂ ಇಲ್ಲ. ಮುನಿವೆಂಕಟಪ್ಪ ಒಮ್ಮೆ ಜೋರಾಗಿ ಉಸಿರೆಳೆದುಕೊಂಡು ತಲೆ ಅಲ್ಲಾಡಿಸಿದ. ಚಿಕ್ಕಮುನಿಯಮ್ಮನ ಮುಖ ಬಾಡಿತು. ವಕೀಲರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಒಂದು ಕೇಸಿಗಾಗಿ ತಾನು ಒಲೆಯ ಮುಂದೆ ಹೀಗೆ ಕಾಯುತ್ತೇನೆ ಅಂತ ಅವರು ಎಂದೂ ಅಂದುಕೊಂಡಿರಲಿಲ್ಲ.

ಮೊದಲು ಕೆಮ್ಮಿದವಳು ಪಿಳ್ಳಮ್ಮ. ಒಂದು ಸಣ್ಣ ಕೆಮ್ಮು, ಗಂಟಲು ಸರಿಮಾಡಿಕೊಂಡ ಹಾಗೆ. ಹಿಂದೆಯೇ ಇಮಾಮ್ ಬೀ. ಆಮೇಲೆ ಘಾಟು ಗೋಡೆಯಂತೆ ಎದ್ದು ಬಂತು. ವಕೀಲರು ಕಣ್ಣೊರೆಸಿಕೊಳ್ಳುತ್ತ ಜಗಲಿಗೆ ಓಡಿದರು, ಮುನಿವೆಂಕಟಪ್ಪ ಅವರ ಮೇಲೇ ಬಿದ್ದ. ಪಕ್ಕದ ಮನೆಯವರು ಕಿಟಕಿಯಿಂದ ತಲೆ ಹಾಕಿ “ಕ್ಯಾ ಜಲಾ ರೇ?” ಅಂತ ಕೂಗಿದರು. ಒಳಗೆ ಮೂವರು ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಕೆಮ್ಮುತ್ತ, ಅಳುತ್ತ, ನಗುತ್ತ ನಿಂತಿದ್ದರು.

“ಏನೂ ಇಲ್ಲ!” ಅಂತ ಚಿಕ್ಕಮುನಿಯಮ್ಮ ಹೊಗೆಯೊಳಗಿಂದ ಕೂಗಿದಳು. “ಮೈಯಲ್ಲಿ ಏನೂ ಇಲ್ಲ! ಬಿಚ್ಚಬೋದು!”

ಭಾನುವಾರ ಕೊನೇ ಕಂಬದ ಹತ್ತಿರ ಊರು ಸೇರಿತು. ಚಿಕ್ಕಮುನಿಯಮ್ಮ ಬೇವಿನ ಬುಡದ ಕಲ್ಲು ಸರಿಸಿ, ಅರಿಸಿನ ಬಟ್ಟೆಯ ಗಂಟು ಅಗೆದು ತೆಗೆದು, ತಲೆಯ ಮೇಲಿಟ್ಟುಕೊಂಡು ಗಡಿ ಕಲ್ಲು ದಾಟಿ ಬಂದಳು. ಕಂಬದ ಕೆಳಗಿನ ಗುಳಿಗೆ ಆ ಮಣ್ಣನ್ನು ಸುರಿದಳು.

“ನಿನ್ನ ಮಣ್ಣು ನಿಂಗೆ” ಅಂದಳು ನೆಲಕ್ಕೆ. ಆಮೇಲೆ ಊರಿನವರ ಕಡೆ ತಿರುಗಿ, “ಹೂಂ, ಹೇಳ್ರಿ” ಅಂದಳು.

ಅಷ್ಟು ದಿನ ಕಟ್ಟಿಕೊಂಡಿದ್ದ ಬಾಯಿಗಳು ಒಟ್ಟಿಗೆ ತೆರೆದವು. ಬುಟ್ಟಿ ಚರಂಡಿಗೆ ಹಾರಿತು ಅಂದಳು ಮಂಜುಳಮ್ಮ. ಚರಂಡಿಗಲ್ಲ, ಕಾರಿನ ಮೇಲಕ್ಕೆ ಅಂದಳು ಇನ್ನೊಬ್ಬಳು. “ನೀನು ಆವಾಗ ಕಣ್ಮುಚ್ಕೊಂಡಿದ್ದೆ ಕಣೇ!” “ನೀನು ಕಿರಚ್ತಿದ್ದೆ, ನಿಂಗೇನ್ ಕಾಣುತ್ತೆ!” ಕಿವಿ ಮಂದದ ಮುದುಕ ಮಾತ್ರ ಡ್ರೈವರು ಮೊದಲು ಇಳಿದು ಪಿಳ್ಳಮ್ಮನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ ಅಂತ ಹೇಳಿದ; ಅದನ್ನು ಯಾರೂ ಅಲ್ಲಗಳೆಯಲಿಲ್ಲ. ಪಿಳ್ಳಮ್ಮ ಕಂಬದ ಮೇಲಕ್ಕೆ ಬೊಟ್ಟು ಮಾಡಿ, “ಕಣ್ಬಿಟ್ಟಾಗ ಆ ಕಪ್ಪು ಟೋಪಿ ಕಂಡಿತ್ತು. ಯಾರೋ ಕೊಡೆ ಹಿಡಿದವ್ರೆ ಅನ್ಕೊಂಡೆ” ಅಂದಳು.

ವಕೀಲರು ಬರೆದುಕೊಳ್ಳುತ್ತ ಒಳಗೊಳಗೇ ಹಿಗ್ಗಿದರು. ಜಗಳವಾಡುವ ಸಾಕ್ಷಿಗಳು! ಇದಕ್ಕಿಂತ ಇನ್ನೇನು ಬೇಕು. ಸೈಕಲ್ಲಿನ ಕ್ಯಾರಿಯರಿನ ಮೇಲೆ ವಕಾಲತ್ತಿನ ಕಾಗದ ಹರಡಿ, ಶಾಯಿ ಡಬ್ಬಿ ತೆಗೆದರು.

“ಬಾಮ್ಮ, ಹೆಬ್ಬೆಟ್ಟು ಒತ್ತು. ಇನ್ನು ನಾನು ನಿನ್ನ ವಕೀಲ.”

ಪಿಳ್ಳಮ್ಮ ಹೆಬ್ಬೆರಳನ್ನು ಶಾಯಿಗೆ ಅದ್ದಿದಳು. ಆಗ ಹಲಸೂರಿನ ಕಡೆಯಿಂದ ಲಾರಿಗಳು ಬಂದವು. ಮಿಲಿಟರಿಯವು, ಒಂದರ ಹಿಂದೆ ಒಂದು. ಮೊದಲನೆಯದು ರಸ್ತೆಯ ಮೇಲೆ ಜನ ಕಂಡು ಜೋರಾಗಿ ಹಾರನ್ ಹೊಡೆಯಿತು.

ಪಿಳ್ಳಮ್ಮನ ಕೈ ನಡುಗಿತು. ಕೈಯಿಂದ ತೋಳಿಗೆ, ತೋಳಿನಿಂದ ಭುಜಕ್ಕೆ, ಗಾಳಿಗೆ ಸಿಕ್ಕ ದಂಟಿನ ಹಾಗೆ ಮೈಯೆಲ್ಲ ನಡುಗಿತು. ಕೋಲು ಬಿದ್ದುಹೋಯಿತು. ಮಂಜುಳಮ್ಮ ಹಿಡಿದುಕೊಂಡಳು. ಲಾರಿಗಳು ಧೂಳೆಬ್ಬಿಸಿ ದಾಟಿಹೋದವು.

“ಅಯ್ಯೋ, ಮೆಣಸಿನಕಾಯಿ ಸುಳ್ಳು ಹೇಳ್ತಲ್ಲಪ್ಪಾ!” ಅಂದ ಮುನಿವೆಂಕಟಪ್ಪ. “ಅವ್ವಾ, ಕಟ್ಬಿಡು ವಾಪಸ್. ಕೇಸೂ ಬೇಡ, ಏನೂ ಬೇಡ.”

ಚಿಕ್ಕಮುನಿಯಮ್ಮ ಆಗಲೇ ಬಗ್ಗಿದ್ದಳು. ಅರಿಸಿನ ಬಟ್ಟೆ ಕೈಲಿತ್ತು, ಬೆರಳು ಗುಳಿಯ ಮಣ್ಣಿನಲ್ಲಿತ್ತು. ವಕೀಲರು ಶಾಯಿ ಡಬ್ಬಿ ಮುಚ್ಚಿದರು. ಇಲ್ಲಿ ಮಾತಾಡುವ ಹಕ್ಕು ತಮಗಿಲ್ಲ ಅಂತ ಅವರಿಗೆ ಅನ್ನಿಸಿತ್ತು.

“ಅತ್ತೆ, ಕಟ್ಬೇಡಿ” ಅಂದಳು ಪಿಳ್ಳಮ್ಮ. ಹಲ್ಲು ಕಟಕಟ ಅನ್ನುತ್ತಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು. “ನಡುಗ್ತಿದೀನಿ, ಹೌದು. ನಡುಗಿದ್ರೂ ಇಲ್ಲೇ ನಿಂತಿದೀನಲ್ಲ. ಓಡೋಗ್ಲಿಲ್ಲ. ಗಾಡೀಲಿ ಕೂತೂ ನಡುಗ್ತೀನಿ, ನಡುಗ್ತಾನೇ ಸಂತೆಗೆ ಹೋಗ್ತೀನಿ. ನಾನು ಬಿದ್ದಿದ್ದು ಇಲ್ಲಿ. ಇಲ್ಲಿ ಅಂತ ಹೇಳ್ಬೇಕು.”

ಮುದುಕಿ ಬಟ್ಟೆಯನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪಿಳ್ಳಮ್ಮ ಹೆಬ್ಬೆರಳು ಕಾಗದಕ್ಕೆ ಒತ್ತಿದಳು. ನಡುಕಕ್ಕೆ ಗುರುತು ಜಾರಿ, ಬೆರಳಚ್ಚಿನ ಬದಲು ಒಂದು ಉದ್ದನೆಯ ಕಪ್ಪು ಗೀಟು ಬಿತ್ತು.

“ಪರವಾಗಿಲ್ಲ, ಇನ್ನೊಂದು ಕಾಗದ ಇದೆ. ನಾನು ಕೈ ಹಿಡ್ಕೊಳ್ತೀನಿ, ನಡುಗದ ಹಾಗೆ” ಅಂದರು ವಕೀಲರು.

“ಬಿಡಪ್ಪಾ ಅವಳ ಕೈನ” ಅಂತ ಚಿಕ್ಕಮುನಿಯಮ್ಮ ಅವರ ಮಣಿಕಟ್ಟಿಗೆ ಮೆಲ್ಲಗೆ ಏಟು ಕೊಟ್ಟಳು. “ಸರಿಯಾದ್ದು ಬೇಕಿದ್ರೆ ಇನ್ನೊಂದು ಒತ್ತಿಸ್ಕೋ. ಆದ್ರೆ ಇದನ್ನ ಹರೀಬೇಡ. ಆ ಕಂಟ್ರಾಕ್ಟರು ಅವಳಿಗೇನೂ ಆಗಿಲ್ಲ ಅಂತಾನಲ್ಲ, ಕೋರ್ಟಿನಲ್ಲಿ ಇದನ್ನ ಅವನ ಕೈಗೆ ಕೊಡು. ಏನಾಗಿದೆ ಅಂತ ಓದ್ಕೊಳ್ಲಿ.”